ಪೂರ್ವದಿಂದ ಎಣಿಸಿದ ಪ್ಲಗ್ ವೈರು

ಅದಿರಿನ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಬಿಳಿ ಅಂಗಿ ಹಾಕುವವರು ಎರಡು ಬಗೆ. ಅದಿರಿನ ವ್ಯಾಪಾರಕ್ಕೆ ಇಳಿದವರು ಒಂದು ಬಗೆ. ಅವರ ಅಂಗಿ ಒಗೆಯಲು ಆಳಿದ್ದರು. ಇಳಿಯಬೇಕೆಂದು ಆಸೆ ಇಟ್ಟುಕೊಂಡವರು ಇನ್ನೊಂದು ಬಗೆ; ಅವರ ಅಂಗಿಯನ್ನು ಹೆಂಡತಿ ಒಗೆಯುತ್ತಿದ್ದಳು. ನನ್ನ ತಮ್ಮನ ಮಗ ಸಿದ್ದಲಿಂಗೇಶ ಎರಡನೆಯ ಬಗೆ.

ಸಂಡೂರಿನ ಕಡೆಯಿಂದ ಟಿಪ್ಪರುಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ಇಡ್ಲಿ ತಟ್ಟೆಗೆ ಬರುವಷ್ಟರಲ್ಲಿ ಕೆಂಪಾಗಿರುತ್ತಿತ್ತು. ನಮ್ಮ ಗುಡ್ಡವನ್ನು ಚೀನಾದವರು ಒಯ್ದು ಅಲ್ಲಿ ಆಟದ ಮೈದಾನ ಕಟ್ಟುತ್ತಿದ್ದಾರಂತೆ ಎಂದು ಕ್ಷೌರದಂಗಡಿಯಲ್ಲಿ ಹೇಳುತ್ತಿದ್ದರು. ಅಂಗಡಿಯವನಿಗೂ ಒಂದು ಟಿಪ್ಪರಿನಲ್ಲಿ ಪಾಲಿತ್ತು. ಗಡ್ಡಕ್ಕೆ ಸೋಪು ಹಚ್ಚಿದ ಮೇಲೆ ಅವನಿಗೆ ಫೋನ್ ಬಂದರೆ, ಸೋಪು ಒಣಗಿ ಬಿರುಕು ಬಿಡುವ ತನಕ ನಾವು ಕೂತಿರಬೇಕಿತ್ತು.

ಕಮಲಾಪುರದ ರಸ್ತೆಗೆ ಹತ್ತಿಕೊಂಡು ಸಿದ್ದಲಿಂಗೇಶನ ಬಾಳೆತೋಟವಿದೆ. ಸರಿಯಾಗಿ ಹೇಳಬೇಕೆಂದರೆ ಅವನದಲ್ಲ, ಅವನ ಹೆಂಡತಿ ಗಂಗಾಂಬಿಕೆಯದು. ನನ್ನ ತಮ್ಮ ತೀರಿಕೊಳ್ಳುವ ಮೊದಲು ಮಗನನ್ನು ನೋಡಿದ, ಸೊಸೆಯನ್ನು ನೋಡಿದ, ತೋಟವನ್ನು ಸೊಸೆಯ ಹೆಸರಿಗೆ ಬರೆದ. ಮಗನಿಗೆ ತನ್ನ ಹಳೇ ಫಿಯೆಟ್ ಕಾರು ಬಿಟ್ಟ. ಮಗ ಆಮೇಲೆ ಕೈಗೊಂದು ಬ್ರೇಸ್‌ಲೆಟ್ ಮಾಡಿಸಿಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತು ಅದಿರಿನ ಮಾತು ಕೇಳುವ ಕೆಲಸ ಹಿಡಿದ. ತೋಟಕ್ಕೆ ಹೋಗಿ ನೀರು ತಿರುವುವುದು, ಕಂದು ಕೀಳುವುದು, ಗೊನೆಗೆ ಊರುಗೋಲು ಕೊಡುವುದು ಎಲ್ಲಾ ಗಂಗಾಂಬಿಕೆಯದೇ.

ಆ ತೋಟದ ಮೇಲೆ ಮರಿಸ್ವಾಮಿಯ ಕಣ್ಣು ಬಿತ್ತು. ಮರಿಸ್ವಾಮಿ ಹಿಂದೆ ಲಾರಿಯಲ್ಲಿ ಕ್ಲೀನರಾಗಿದ್ದ. ಈಗ ಸಂಡೂರಿನಲ್ಲಿ ಗಾಜಿನ ಬಾಗಿಲಿನ ಆಫೀಸು, ಕರೀ ಸ್ಕಾರ್ಪಿಯೊ, ಕಾಲಿಗೆ ಬಿಳಿ ಬೂಟು. ಬಾಳೆ ಕಡಿಸಿ, ಮೇಲೆ ಗರಸು ಹಾಕಿಸಿ ನೆಲ ಗಟ್ಟಿ ಮಾಡಿ, ಅಲ್ಲಿ ಅದಿರು ಗುಡ್ಡೆ ಹಾಕುವುದು ಅವನ ಲೆಕ್ಕಾಚಾರ. ಸ್ಟಾಕ್ ಯಾರ್ಡ್ ಎಂದು ಅದಕ್ಕೆ ಹೆಸರು. ಒಂದು ದಿನ ಮನೆಗೇ ಬಂದು ಕೂತ.

"ನೀವೇನೂ ಮಾಡೋದು ಬ್ಯಾಡ ತಂಗೆವ್ವಾ. ಮನ್ಯಾಗ ಕುಂತ್ರ ಬಾಡಿಗಿ ಬರ್ತೈತಿ."

"ಬಾಳಿನೂ ಹಂಗ ಅಲ್ಲೇನ್ರಿ?" ಎಂದಳು ಗಂಗಾಂಬಿಕೆ ಚಹಾ ಕೊಡುತ್ತಾ. "ನಿಂತಲ್ಲೇ ನಿಂತು ಗೊನಿ ಕೊಡ್ತೈತಿ."

ಮರಿಸ್ವಾಮಿ ನಕ್ಕು ಹೋದ. ಸಿದ್ದಲಿಂಗೇಶ ನಗಲಿಲ್ಲ. ಒಂದು ವಾರ ಮನೆಯಲ್ಲಿ ಅದೇ ಮಾತು, ಅದೇ ಮುನಿಸು, ಅರ್ಧಕ್ಕೆ ಬಿಟ್ಟೇಳುವ ಊಟ. ಕೊನೆಗೆ ಗಂಗಾಂಬಿಕೆ ನನ್ನನ್ನು ಕರೆಸಿ, ನನ್ನ ಮುಂದೆ ಹೇಳಿದಳು.

"ಮಾವಾರ, ನೀವು ಹಿರ್ಯಾರು, ಕೇಳ್ರಿ. ಸೈನ್ ಮಾಡಂಗಿಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ಆ ಫಿಯೆಟ್ ಗಾಡಿ ತೀರ್ಕೊಂಡ ನಮ್ಮ ಮಾವಾರು ಅದ ತೋಟದ ಬಾಳಿ ಮಾರಿ ಕೊಂಡಿದ್ದು. ಅದರಾಗ ಕುಂದ್ರಿಸ್ಕೊಂಡು ಸಂಡೂರಿಗೆ ಕರ್ಕೊಂಡು ಹೋಗ್ಲಿ, ಕೇಳಿದಲ್ಲಿ ಸೈನ್ ಹಾಕ್ತೀನಿ. ಬ್ಯಾರೆ ಗಾಡಿ ಹತ್ತಂಗಿಲ್ಲ."

"ಇಷ್ಟ ಅಲ್ಲನು!" ಎಂದ ಸಿದ್ದಲಿಂಗೇಶ, ಹಿಗ್ಗಿ. "ದೊಡ್ಡಪ್ಪ, ನೀನ ಸಾಕ್ಷಿ. ಬರೋ ಸೋಮವಾರ ಹೋಗಿಬಿಡೋಣ."

ಕಾರಿನ ಸ್ಥಿತಿ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮನಸ್ಸು ಬಂದ ದಿನ ಚಾಲೂ ಆಗುತ್ತಿತ್ತು. ಚಾಲೂ ಆದರೂ ಮುದುಕನ ಹಾಗೆ ಕೆಮ್ಮಿ, ಮೈಯೆಲ್ಲಾ ನಡುಗಿ, ಕಾಂಪೌಂಡಿನ ಗೇಟಿನ ಹತ್ತಿರ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿದರೆ, ಪ್ಲಗ್ಗಿಗೆ ಕರೆಂಟು ಒಯ್ಯುವ ವೈರುಗಳು ಬಿಸಿಲಿಗೆ ಒಣಗಿದ ಹುಣಸೆ ತೊಗಟೆಯಂತೆ ಸೀಳಿಹೋಗಿದ್ದವು. ಸೀಳಿನೊಳಗೆಲ್ಲ ಅದಿರಿನ ಧೂಳು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಇಳಿದು ಹೋಗುತ್ತಿತ್ತು.

ಮೆಕ್ಯಾನಿಕ್ ಸಿಗುವುದೆಲ್ಲಿಂದ? ನಮ್ಮ ಓಣಿಯ ಪಕ್ಕೀರಪ್ಪ ಎಂದರೆ ಫಿಯೆಟ್ಟಿಗೆ ಹೆಸರಾದವನು. ಅವನೂ ಎಲ್ಲರ ಹಾಗೆ ಗ್ಯಾರೇಜಿಗೆ ಬೀಗ ಹಾಕಿ, ಯಶವಂತನಗರದಲ್ಲಿ ಟಿಪ್ಪರು ರಿಪೇರಿಗೆ ಹೋಗಿದ್ದ. ಸಿದ್ದಲಿಂಗೇಶ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಇಟ್ಟ.

"ಪೆಟ್ರೋಲ್ ಗಾಡಿನಾ?" ಆ ಕಡೆಯಿಂದ ಸುತ್ತಿಗೆ ಸದ್ದಿನ ನಡುವೆ ಪಕ್ಕೀರಪ್ಪ ನಗುತ್ತಿದ್ದ. "ಅಣ್ಣಾ, ಎತ್ತಿನ ಬಂಡಿ ಕೀಲು ಹಾಕು ಅಂದಂಗಾತು ನೋಡು. ಇಲ್ಲಿ ಉಣ್ಣಾಕ ಪುರಸತ್ತಿಲ್ಲ ನಂಗ. ನೀನ ಹಾಕ್ಕೊ, ಭಾಳ ಸುಲಭ. ಒಂದು ಹಳೇ ವೈರ್ ತೆಗಿ, ಅದರ ಜಾಗಾಕ್ಕ ಒಂದು ಹೊಸ ವೈರ್ ಹಾಕು. ಆಮ್ಯಾಲೆ ಇನ್ನೊಂದು ತೆಗಿ. ಎಲ್ಲಾ ಒಮ್ಮೆಲೆ ಕಿತ್ತೀಯಾ, ನೀ ಕೆಟ್ಟಿ!"

"ಇಷ್ಟ ಅಲ್ಲನು!" ಎಂದ ಸಿದ್ದಲಿಂಗೇಶ.

ಹೊಸಪೇಟೆಯ ಅಂಗಡಿಗಳಲ್ಲಿ ಟಿಪ್ಪರಿನ ಸಾಮಾನು ಬಿಟ್ಟು ಬೇರೆ ಸಿಗುತ್ತಿರಲಿಲ್ಲ. ಕಂಪ್ಲಿಯಲ್ಲಿ ರೈಸ್ ಮಿಲ್ಲುಗಳ ಹಿಂದೆ ಒಂದು ಹಳೇ ಅಂಗಡಿಯಿದೆ. ಬಸ್ಸಿನಲ್ಲಿ ಹೋಗಿ ಅಲ್ಲಿಂದ ಒಂದು ಸೆಟ್ಟು ತಂದ. ಕಪ್ಪಗೆ ಮಿರಿಮಿರಿ ಮಿಂಚುವ ವೈರು. ತಂದವನು ಹಾಗೇ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹೊಸ ಮೊರ ತಂದರೂ ಕುಂಕುಮ ಹಚ್ಚದೆ ಬಳಸುವುದಿಲ್ಲ. ಪೂಜೆಗೆ ಅಯ್ನಾರಿಗೆ ಹೇಳಿಕಳಿಸಿದರು.

ಕೊಟ್ರಯ್ಯನವರು ನಮ್ಮ ಓಣಿಯ ಅಯ್ನಾರು. ಮೊದಲು ಮದುವೆ, ತೊಟ್ಟಿಲು, ಮಣ್ಣು ಎಲ್ಲಕ್ಕೂ ಬರುತ್ತಿದ್ದರು. ಈಗ ಜೆಸಿಬಿ ಪೂಜೆ, ಟಿಪ್ಪರು ಪೂಜೆಗಳ ನಡುವೆ ಬಿಡುವಾದರೆ ಮದುವೆಗೂ ಬರುತ್ತಿದ್ದರು. ಎರಡು ಮೊಬೈಲುಗಳನ್ನು ಜೋಳಿಗೆಯಲ್ಲಿ ಇಟ್ಟುಕೊಂಡೇ ಬಂದರು. ತಟ್ಟೆಯಲ್ಲಿ ಹೊಸ ವೈರು, ವಿಭೂತಿ, ನಿಂಬೆಹಣ್ಣು ಎಲ್ಲಾ ತಯಾರಿತ್ತು. ಸಿದ್ದಲಿಂಗೇಶ ಒಂದು ಹಳೇ ವೈರು ಕಿತ್ತು, ತಟ್ಟೆಗೆ ಕೈ ಚಾಚಿದ.

"ಏ, ತಡಿ ತಡಿ!" ಎಂದರು ಕೊಟ್ರಯ್ಯನವರು. "ಏನ್ ಮಾಡಾಕತ್ತೀಯೋ?"

"ಹೊಸದು ಹಾಕ್ತೀನ್ರಿ ಅಯ್ನಾರ. ಒಂದು ತೆಗೆದು ಒಂದು ಹಾಕು ಅಂತ ಪಕ್ಕೀರಪ್ಪ ಹೇಳ್ಯಾನ."

"ಪಕ್ಕೀರಪ್ಪ ಪಾನಾ ಹಿಡಿಯೋನು. ದೇವರ ಮ್ಯಾಲೆ ನಿನ್ನೆ ಹಾರ ಇಟ್ಕೊಂಡು ಇವತ್ತಿನ ಹಾರ ಹಾಕ್ತೀಯೇನು? ಮೊದಲು ಹಳೇದೆಲ್ಲಾ ಇಳಿಸು. ಬಾಡಿದ್ದರ ಜೊತಿ ಹೊಸದನ್ನ ಮುಟ್ಟಿಸಬ್ಯಾಡ."

ಮಾತು ಸರಿ ಎನ್ನಿಸಿತು ಎಲ್ಲರಿಗೂ. ಸಿದ್ದಲಿಂಗೇಶ ಕಳೆ ಕಿತ್ತ ಹಾಗೆ ಎಲ್ಲವನ್ನೂ ಕಿತ್ತು, ಹರಿಯುವ ನೀರಿಗೆ ಬಿಡಬೇಕೆಂದು ಚೀಲಕ್ಕೆ ತುಂಬಿದ. ಪೂಜೆ ಚೆನ್ನಾಗಿಯೇ ಆಯಿತು. ಒಂದೊಂದು ವೈರಿಗೂ ವಿಭೂತಿಯ ಮೂರು ಗೆರೆ. ಆಮೇಲೆ ನೋಡುತ್ತಾನೆ, ಯಾವುದನ್ನು ಎಲ್ಲಿ ಹಾಕಬೇಕು?

ಮತ್ತೆ ಯಶವಂತನಗರಕ್ಕೆ ಫೋನು. "ಎಲ್ಲಾ ಕಿತ್ತೇನು?" ಎಂದ ಪಕ್ಕೀರಪ್ಪ. ಅವನು ಟಿಪ್ಪರಿನ ಹೊಟ್ಟೆಯ ಕೆಳಗಿದ್ದ. "ಆತು, ಕೇಳು. ವೈರ್ ಎಲ್ಲಾ ಬಂದು ಕೂಡತಾವಲ್ಲ ಆ ಮುಚ್ಚಳ, ಅದರಾಗ ಒಂದನೇ ತೂತಿಗೆ ಗುರ್ತು ಐತಿ. ಅಲ್ಲಿಂದ ಒಳಗಿನ ಮುಳ್ಳು ತಿರುಗೋ ಕಡಿಗೆ ಹೋಗು. ಮೊದಲು ಒಂದನೇ ಪ್ಲಗ್ಗಿಂದು, ಆಮ್ಯಾಲೆ ಮೂರನೇದು, ನಾಕನೇದು, ಕಡೀಕ ಎರಡನೇದು. ಹಾಕು, ಚಾಲೂ ಆಗ್ತೈತಿ." ಜಾಕ್ ಇಳಿಸುವ ಸದ್ದಾಯಿತು, ಫೋನು ನಿಂತಿತು.

ಎಂಜಿನ್ನಿನ ತಲೆಯ ಮೇಲೆ ನಾಲ್ಕು ಪ್ಲಗ್ಗು ಸಾಲಾಗಿ ಕೂತಿದ್ದವು. ಒಂದನೆಯದು ಯಾವುದು, ರೇಡಿಯೇಟರ್ ಕಡೆಯದೋ, ಡ್ರೈವರ್ ಕಡೆಯದೋ? ಸಿದ್ದಲಿಂಗೇಶ ನನ್ನ ಮುಖ ನೋಡಿದ. ನಾನು ಆ ಕಾರಿನ ಹಿಂದಿನ ಸೀಟು ಬಿಟ್ಟು ಬೇರೆ ಕಂಡವನಲ್ಲ. ಪಕ್ಕೀರಪ್ಪ ಮತ್ತೆ ಫೋನ್ ಎತ್ತಲಿಲ್ಲ.

"ಇದರಾಗ ಕೇಳೋದೇನೈತಿ?" ಎಂದರು ಕೊಟ್ರಯ್ಯನವರು. "ಎಣಿಕಿ ಅಂದ್ರ ಪೂರ್ವದಿಂದ."

ಕಾರು ಪಡುವಣಕ್ಕೆ ಮುಖ ಮಾಡಿ ನಿಂತಿತ್ತು. ಹಾಗಾಗಿ ಪೂರ್ವಕ್ಕಿದ್ದದ್ದು ಡ್ರೈವರ್ ಕಡೆಯ ಪ್ಲಗ್ಗು. ಅದನ್ನೇ ಒಂದು ಎಂದು ಹಿಡಿದು ವೈರು ಕೂರಿಸಿದ. ನಿಂಬೆಹಣ್ಣು ಚಕ್ರದ ಕೆಳಗಿಟ್ಟು, ಒಳಗೆ ಕೂತು ಬೀಗದ ಕೈ ತಿರುವಿದ. ಎಂಜಿನ್ನು ಗುರ್ರ್ ಗುರ್ರ್ ಎಂದಿತು. ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಸೈಲೆನ್ಸರಿನಿಂದ ಢಂ! ಎಂದು ಎಂಥಾ ಸದ್ದು ಬಂತೆಂದರೆ ಬೇವಿನ ಮರದ ಕಾಗೆಗಳೆಲ್ಲಾ ಎದ್ದುಹೋದವು. ಮತ್ತೆ ತಿರುವಿದ. ಢಂ! ಢಂ!

ಆ ದಿನಗಳಲ್ಲಿ ನಮ್ಮೂರಿನಲ್ಲಿ ಹಗಲಲ್ಲಿ ಢಂ ಎಂದರೆ ಒಂದೇ ಅರ್ಥ. ಯಾರಿಗಾದರೂ ಅದಿರಿನ ಪರ್ಮಿಟ್ಟು ಬಂದರೆ ಮನೆಯ ಮುಂದೆ ಪಟಾಕಿ ಹೊಡೆಸುತ್ತಿದ್ದರು. ದೀಪಾವಳಿಗೆ ಹೊಡೆಯುವುದೇ ಕಡಿಮೆಯಾಗಿತ್ತು. ಎದುರು ಮನೆಯ ದುರ್ಗಕ್ಕ ಸೆರಗು ಸರಿಮಾಡಿಕೊಳ್ಳುತ್ತಾ, ಬಟ್ಟಲಲ್ಲಿ ಸಕ್ಕರೆ ಹಿಡಿದು ಓಡಿಬಂದಳು.

"ಏನವ್ವಾ ಗಂಗವ್ವಾ, ಬಾಯಿನ ಬಿಡಲಿಲ್ಲಲ್ಲ ನೀನು! ಬಾಯಿ ತಗಿ, ಸಕ್ರಿ ಹಾಕ್ತೀನಿ."

"ಯಾತಕ್ಕ ದುರ್ಗಕ್ಕಾ?"

"ಆಹಾ, ಯಾತಕ್ಕಂತ! ಪರ್ಮಿಟ್ ಬಂದು ಪಟಾಕಿ ಹಾರ್ಸಾಕತ್ತೀರಿ, ನಮ್ಮ ಮುಂದ ಮುಚ್ಚತೀರಿ!"

"ಗಾಡಿ ಅಕ್ಕಾ ಅದು. ಗಾಡಿ ಹಂಗ ಹೊಡಿಯಾಕತ್ತೈತಿ."

"ಹೂಂ ಹೂಂ, ಗಾಡಿ. ಕೆಟ್ಟ ಕಣ್ಣು ಬೀಳ್ತಾವ ಅಂತ ಹಂಗ ಹೇಳ್ಬೇಕವ್ವಾ, ನಂಗೂ ತಿಳೀತೈತಿ." ದುರ್ಗಕ್ಕ ಅವಳ ಬಾಯಿಗೆ ಸಕ್ಕರೆ ತುಂಬಿಯೇ ಬಿಟ್ಟಳು.

ಅಷ್ಟರಲ್ಲಿ ಕಾಂಪೌಂಡಿನ ತುಂಬ ಜನ. ಸಿದ್ದಲಿಂಗೇಶನ ನಮಸ್ಕಾರಕ್ಕೆ ಎಂದೂ ತಿರುಗಿ ನಮಸ್ಕಾರ ಮಾಡದ ಅಕ್ಕಿ ವ್ಯಾಪಾರಿಯೊಬ್ಬ ತಾನೇ ಮುಂದೆ ಬಂದು, "ಸಿದ್ದಲಿಂಗೇಶಪ್ಪನೋರ, ನಮ್ಮನ್ನೂ ನೆನಪಿಟ್ಕಳ್ರಿ" ಎಂದ. 'ಇದು ಪಟಾಕಿಯಲ್ಲ, ಪ್ಲಗ್ ವೈರು' ಎನ್ನಲು ಬಾಯಿ ತೆರೆದಿದ್ದ ಸಿದ್ದಲಿಂಗೇಶ, ಆ 'ಅಪ್ಪನೋರ' ಕೇಳಿದವನೇ ಬಾಯಿ ಮುಚ್ಚಿದ. ಬ್ರೇಸ್‌ಲೆಟ್ಟನ್ನು ಒಮ್ಮೆ ತಿರುವಿಕೊಂಡ.

"ಇನ್ನೂ ಏನೂ ಪಕ್ಕಾ ಆಗಿಲ್ಲ" ಎಂದ.

ಪರ್ಮಿಟ್ಟು ಸಿಕ್ಕವರೆಲ್ಲ ಹೇಳುತ್ತಿದ್ದದ್ದೇ ಈ ಮಾತು. ಇನ್ನೇನು ಬೇಕು? ಕೊರಳಿಗೆ ಎಲ್ಲಿಂದಲೋ ಒಂದು ಚೆಂಡುಹೂವಿನ ಹಾರ ಬಿತ್ತು. ಸಂಜೆಯೊಳಗೆ ಗಣಪತಿ ಕೂರಿಸುವವರು, ವಾಲಿಬಾಲ್ ಆಡಿಸುವವರು, ಸಾಮೂಹಿಕ ಮದುವೆ ಮಾಡಿಸುವವರು ಎಲ್ಲಾ ಬಂದು ಹೋದರು. ಇವನು ನಡುನಡುವೆ ಹಾರದ ಸಮೇತ ಕಾರಿನಲ್ಲಿ ಕೂತು ಬೀಗದ ಕೈ ತಿರುವುತ್ತಿದ್ದ. ಢಂ ಎಂದಾಗಲೆಲ್ಲ ಓಣಿಯ ಕೊನೆಯವರೂ ಬಂದು ಸೇರುತ್ತಿದ್ದರು. ಅವನಿಗೂ ರುಚಿ ಹತ್ತಿತ್ತು ಎಂದು ನನಗೆ ಅನುಮಾನ.

ಪಟಾಕಿಯ ಸುದ್ದಿ ಬಾಯಿಂದ ಬಾಯಿಗೆ ಬೆಳೆಯುತ್ತಾ ಸಂಡೂರು ಮುಟ್ಟಿತು. ಮರುದಿನ ಮರಿಸ್ವಾಮಿಯ ಸ್ಕಾರ್ಪಿಯೊ ಬಂದು ನಿಂತಿತು. ಚಪ್ಪಲಿ ಬಿಡುವ ಜಾಗದಲ್ಲಿ ಬೂಟು ಬಿಡದೆ ಒಳಗೆ ಬಂದ.

"ಭಾರಿ ಐದೀಯಲೇ ಸಿದ್ದಾ! ನಂಗ ಸ್ಟಾಕ್ ಯಾರ್ಡಿಗೆ ತೋಟ ಕೊಡ್ತೀನಂತಿ, ಒಳಗ ಆಂಧ್ರದ ಪಾರ್ಟಿ ಜೊತಿ ಮಾತಾಡ್ತಿ. ತೋಟದಾಗ ಅದಿರಿನ ಮಾಲು ಸಿಕ್ಕೈತೇನು? ಹೇಳ, ನನ್ನ ಮುಂದ ಯಾಕ ನಾಚ್ಕಿ?"

ಸಿದ್ದಲಿಂಗೇಶನಿಗೆ ಇಲ್ಲ ಎನ್ನಬೇಕೋ ಹೌದು ಎನ್ನಬೇಕೋ ತಿಳಿಯಲಿಲ್ಲ. "ಇನ್ನೂ ಪಕ್ಕಾ..." ಎಂದ.

"ಕೇಳಿದ್ಯಾ! ನಂಗೊತ್ತು. ಬಾಡಿಗಿ ಮಾತು ಬಿಡು ಈಗ. ತೋಡಾಕ ಕೊಡು, ಪಾಲುದಾರಿಕಿ ಮಾಡೋಣ. ಎಲ್ಲೈತಿ ಮಾಲು, ಅಷ್ಟು ತೋರ್ಸು."

ತೋಟದಲ್ಲಿ ಏನಿದೆ ಎಂದು ಸಿದ್ದಲಿಂಗೇಶನಿಗೆ ಹೇಗೆ ತಿಳಿಯಬೇಕು? ಹೆಂಡತಿಯ ಕಡೆ ನೋಡಿದ. ನಾನೂ ನೋಡಿದೆ. ಸ್ಟಾಕ್ ಯಾರ್ಡಾದರೆ ಬಾಳೆ ಹೋಗುತ್ತದೆ. ತೋಡಿದರೆ ನೆಲವೇ ಹೋಗುತ್ತದೆ. ಗಂಗಾಂಬಿಕೆಯ ಕೈಯಲ್ಲಿ ಹಿಂದಿನ ದಿನದ ಸಕ್ಕರೆ ಬಟ್ಟಲುಗಳಿದ್ದವು. ಅವನ್ನು ಒಂದರ ಮೇಲೊಂದು ಮೆಲ್ಲಗೆ ಇಟ್ಟಳು.

"ಮಾಲು ಐತೋ ಇಲ್ಲೋ ನಂಗ ತಿಳಿಯಂಗಿಲ್ರಿ. ಕೆಂಪು ಮಣ್ಣು ಎಲ್ಲೈತಿ ಅಂತ ಕೇಳಿದ್ರ ತೋರಿಸ್ತೀನಿ. ಒಂದ ಗುಂಡಿ ತೋಡಿ ನೋಡ್ರಿ. ಅಲ್ಲಿ ಸಿಕ್ರ ಮುಂದಿನ ಮಾತು. ಸಿಗಲಿಲ್ಲಂದ್ರ ತೋಡೋ ಮಾತು ತಗೀಬಾರ್ದು. ಬಾಡಿಗಿ ಮಾತಿಗೆ ಮಾತ್ರ ನಾ ಬದ್ಧ."

ಮಾರನೆಯ ಬೆಳಿಗ್ಗೆ ಜೆಸಿಬಿ ಬಂತು. ಅರ್ಧ ಓಣಿ ಅದರ ಹಿಂದೆ ಬಂತು. ಗಂಗಾಂಬಿಕೆ ಸೀರೆ ಎತ್ತಿ ಕಟ್ಟಿ ಮುಂದೆ ನಡೆದು, ರಸ್ತೆಗೂ ಕಾಲುವೆಗೂ ನಡುವಿನ ತಗ್ಗಿನಲ್ಲಿ ನಿಂತಳು. ಅಲ್ಲಿ ನೆಲ ನಿಜಕ್ಕೂ ಕೆಂಪಗಿತ್ತು. ಮರಿಸ್ವಾಮಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ತೂಗಿದ, ಉಜ್ಜಿದ, ಬಿಸಿಲಿಗೆ ಹಿಡಿದ. ಮಿಣಮಿಣ ಹೊಳೆಯಿತು.

"ಅಬಾಬಾ! ಒಳ್ಳೇ ಮಾಲಲೇ ಇದು! ಸಂಡೂರಿನ ಮಾಲಿಗೂ ಇದಕ್ಕೂ ಫರಕ ಇಲ್ಲ!"

ಫರಕು ಇರಲು ಸಾಧ್ಯವಿರಲಿಲ್ಲ. ಅದು ಸಂಡೂರಿನದೇ. ರಸ್ತೆಯ ಆ ತಿರುವಿನಲ್ಲಿ ಟಿಪ್ಪರುಗಳು ವಾಲುವಾಗ ಸೋರಿದ ಅದಿರು, ಮಳೆಗಾಲದಲ್ಲಿ ಹರಿದು ಬಂದು ಆ ತಗ್ಗಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಒಂದು ಸಾಲು ಬಾಳೆ ಸತ್ತೇ ಹೋಗಿತ್ತು. ಗಂಗಾಂಬಿಕೆ ಅದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಜೆಸಿಬಿಯ ಮೊದಲ ಬಾಚಿಗೆ ಕೆಂಪು ಮುಗಿಯಿತು. ಎರಡನೆಯದಕ್ಕೆ ಕರೀ ಎರೆ ಮಣ್ಣು. ಮೂರನೆಯದಕ್ಕೆ ನೀರು. ಕಾಲುವೆಯ ಪಕ್ಕ ಅಲ್ಲವೇ, ಬುಳುಬುಳು ಎಂದು ಎದ್ದು ಬಂತು. "ಇನ್ನೂ ಕೆಳಗ ಇರ್ತೈತಿ, ತೋಡು ತೋಡು!" ಎಂದು ಮರಿಸ್ವಾಮಿ ಕೂಗಿದ. ಜೆಸಿಬಿಯವನು ಇನ್ನಷ್ಟು ಮುಂದೆ ತಂದ. ಮುಂದಿನ ಚಕ್ರ ಹೂತುಕೊಂಡಿತು. ಹಿಂದಕ್ಕೆ ಎಳೆಯಲು ಹೋದ, ಹಿಂದಿನದೂ ಹೂತುಕೊಂಡಿತು. ಎಮ್ಮೆ ಕೆಸರಿನಲ್ಲಿ ಕೂತ ಹಾಗೆ ಜೆಸಿಬಿ ನಿಧಾನವಾಗಿ, ನೆಮ್ಮದಿಯಾಗಿ ಕೂತಿತು. ಅದನ್ನು ಎಳೆಯಲು ಟಿಪ್ಪರು ತರಿಸಿದರು. ಟಿಪ್ಪರು ಬದುವಿನಿಂದ ಇಳಿದದ್ದಷ್ಟೇ, ಅದೂ ಕೂತಿತು.

"ಯಪ್ಪಾ, ಇನ್ನೊಂದು ತರ್ಸು, ಜೊತಿ ಆಗ್ತೈತಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಇದೇನು ತೋಟನಾ, ಕೆರಿನಾ?" ಮರಿಸ್ವಾಮಿಯ ಬಿಳಿ ಬೂಟು ಕಾಣದಾಗಿತ್ತು. "ಇದಕ್ಕ ಗರಸು ಹಾಕಿ ಗಟ್ಟಿ ಮಾಡ್ಬೇಕಂದ್ರ ಜಂಬುನಾಥನ ಗುಡ್ಡಾನ ತಂದು ಸುರಿಬೇಕು. ಖಾಲಿ ಟಿಪ್ಪರ್ ನಿಂದ್ರಂಗಿಲ್ಲ, ಲೋಡ್ ಟಿಪ್ಪರ್ ನಿಂದ್ರತೈತೇನಲೇ?" ಎಂದು ಸಿದ್ದಲಿಂಗೇಶನಿಗೆ ಬೈದು, ಸ್ಕಾರ್ಪಿಯೊ ಹತ್ತಿ ಹೋದ. ಗಾಡಿಗಳನ್ನು ಎಳೆದು ತೆಗೆಯಲು ಕೊನೆಗೆ ಕಮಲಾಪುರದಿಂದ ಟ್ರ್ಯಾಕ್ಟರುಗಳು ಬಂದವು.

ಓಣಿಯಲ್ಲಿ 'ಅಪ್ಪನೋರ' ಹೋಗಿ ಮತ್ತೆ 'ಸಿದ್ದ' ಬಂತು. ಆದರೆ ಸಿದ್ದಲಿಂಗೇಶ ಆಸೆ ಬಿಡುವವನಲ್ಲ. ಮರಿಸ್ವಾಮಿ ಸಿಟ್ಟಿನಲ್ಲಿ ಹೇಳಿದ್ದಾನೆ, ಸೋಮವಾರ ಎದುರಿಗೆ ಹೋಗಿ ಕೂತರೆ ಬಾಡಿಗೆಗೆ ಒಪ್ಪುತ್ತಾನೆ ಎಂದು ಅವನ ನಂಬಿಕೆ. ಅದಕ್ಕೆ ಕಾರು ಚಾಲೂ ಆಗಬೇಕು. ಕೊಟ್ರಯ್ಯನವರು ಮತ್ತೆ ಬಂದು, ಕಾಂಪೌಂಡನ್ನು ಸುತ್ತು ಹಾಕಿ, ಕಾರಿನ ಮುಂದೆ ನಿಂತರು.

"ಮುಖ ಪಡುವಣಕ್ಕ ಐತಲ್ಲೋ! ಮುಳುಗೋ ಸೂರ್ಯನ ನೋಡ್ಕೊಂತ ನಿಂತ್ರ ಯಾವ ಗಾಡಿ ಏಳ್ತೈತಿ? ಪೂರ್ವಕ್ಕ ತಿರುಗಿಸು. ಮತ್ತ ಮೊದಲಿಂದ ಎಣಿಸಿ ಹಾಕು."

ಎಲ್ಲರೂ ಸೇರಿ ನೂಕಿ, ಹಿಂದೆ ಮುಂದೆ ಮಾಡಿ ಕಾರು ತಿರುಗಿಸಿದೆವು. ದುರ್ಗಕ್ಕನೂ ಒಂದು ಕೈ ಹಚ್ಚಿದಳು. ವೈರು ಕಿತ್ತು ಮತ್ತೆ ಪೂರ್ವದಿಂದ ಎಣಿಸಿದರು. ಈಗ ಪೂರ್ವಕ್ಕಿದ್ದದ್ದು ರೇಡಿಯೇಟರ್ ಕಡೆಯ ಪ್ಲಗ್ಗು. ಬೀಗದ ಕೈ ತಿರುವಿದ್ದೇ ತಡ, ಕಾರು ಕೆಮ್ಮಲಿಲ್ಲ, ನಡುಗಲಿಲ್ಲ; ಹೊಲಿಗೆ ಮಷೀನಿನ ಹಾಗೆ ಸಣ್ಣಗೆ ಓಡತೊಡಗಿತು. "ವಾಸ್ತು ಅಂದ್ರ ಏನಂತ ತಿಳಿದೀರಿ?" ಎಂದರು ಕೊಟ್ರಯ್ಯನವರು. ಅದೇ ಹೊತ್ತಿಗೆ ಪಕ್ಕೀರಪ್ಪ ಫೋನ್ ಮಾಡಿ, "ಅಣ್ಣಾ, ಹೇಳೋದು ಮರ್ತಿದ್ದೆ, ಒಂದನೇದು ಅಂದ್ರ ರೇಡಿಯೇಟರ್ ಕಡಿದು" ಎಂದ. ಅಷ್ಟರಲ್ಲಿ ಅಯ್ನಾರ ಕಾಲಿಗೆ ಬೀಳುವ ಗದ್ದಲದಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಕೇಳಿದೆ, ಹೊಸಪೇಟೆಯಲ್ಲಿ ಕೆಟ್ಟು ನಿಂತ ಎಷ್ಟೋ ಗಾಡಿಗಳನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದರಂತೆ.

ಸೋಮವಾರ ಗಂಗಾಂಬಿಕೆ ತಾನೇ ಮೊದಲು ಬಂದು ಕಾರಿನಲ್ಲಿ ಕೂತಳು. ಹಿರಿಯರು ಒಬ್ಬರು ಇರಲಿ ಎಂದು ನನ್ನನ್ನೂ ಹಿಂದೆ ಕೂರಿಸಿದರು. ಸಂಡೂರಿನ ಏರು ದಾರಿಯಲ್ಲೂ ಕಾರು ಒಮ್ಮೆಯೂ ಮಿಸ್ ಹೊಡೆಯಲಿಲ್ಲ.

ಆಫೀಸಿನ ಬಾಗಿಲಲ್ಲಿ ವಾಚ್‌ಮನ್ ತಡೆದ. "ಸಾಹೇಬ್ರು ಊರಾಗಿಲ್ರಿ."

"ಅಲ್ಲಿ ಕುಂತಾರಲ್ಲಪ್ಪ" ಎಂದಳು ಗಂಗಾಂಬಿಕೆ. ಗಾಜಿನ ಬಾಗಿಲಲ್ಲವೇ, ಮರಿಸ್ವಾಮಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತದ್ದು ನಮಗೆಲ್ಲ ಚೆನ್ನಾಗಿ ಕಾಣುತ್ತಿತ್ತು. ಕಾಣುತ್ತಿದೆ ಎಂದು ಅವನಿಗೂ ತಿಳಿದು, ಕೊನೆಗೆ ಎದ್ದು ಬಂದ. ಹೊಸ ಬೂಟು ಹಾಕಿದ್ದ.

"ಬಂದೀನ್ರಿ" ಎಂದಳು ಗಂಗಾಂಬಿಕೆ. "ಎಲ್ಲಿ ಸೈನ್ ಮಾಡ್ಬೇಕು ತೋರಿಸ್ರಿ."

"ಮರಿಸ್ವಾಮಣ್ಣ, ಒಂದು ಮಾತು..." ಎಂದು ಸಿದ್ದಲಿಂಗೇಶ ನಡುವೆ ಬಂದ.

"ನೀ ಸುಮ್ನಿರಲೇ!" ಮರಿಸ್ವಾಮಿ ಅವಳಿಗೆ ಕೈ ಮುಗಿದ. "ತಂಗೆವ್ವಾ, ಆ ತೋಟದ ಸುದ್ದಿ ತಗೀಬ್ಯಾಡ. ಜೆಸಿಬಿ ಇನ್ನೂ ಒಣಗಿಲ್ಲ. ನಿನ್ನ ತೋಟ ನಿನ್ನ ಹತ್ರಾನ ಇರ್ಲಿ."

"ಹಂಗಂದ್ರ ನಾ ಮಾತಿಗೆ ತಪ್ಪಿಲ್ಲ. ಹಿರ್ಯಾರ ಮುಂದ ಹೇಳ್ರಿ."

ಮರಿಸ್ವಾಮಿ ನನ್ನ ಕಡೆ ತಿರುಗಿ, ತಪ್ಪಿಲ್ಲ, ತೋಟ ತನಗೆ ಬೇಡ ಎಂದು ಬಾಯಿಬಿಟ್ಟು ಹೇಳಿದ. ನಾನು ತಲೆಯಾಡಿಸಿದೆ. ಗಂಗಾಂಬಿಕೆ ಹೋಗಿ ಕಾರಿನಲ್ಲಿ ಕೂತಳು.

ತಿರುಗಿ ಬರುವಾಗ ಟಿಪ್ಪರುಗಳ ಸಾಲಿಗೆ ಸಿಕ್ಕಿ ಕಾರು ಆಮೆಯ ಹಾಗೆ ಹೋಗುತ್ತಿತ್ತು. ಸಿದ್ದಲಿಂಗೇಶ ಹೆಂಡತಿಯನ್ನು ಕೇಳಿದ.

"ಆ ತಗ್ಗಿನಾಗ ನೀರು ಐತಿ, ಜೆಸಿಬಿ ಹುಗೀತೈತಿ ಅಂತ ನಿಂಗ ಮೊದಲ ಗೊತ್ತಿತ್ತಲ್ಲ?"

"ತೋಟಕ್ಕ ಬಂದೋರಿಗೆ ಎಲ್ಲಾರಿಗೂ ಗೊತ್ತೈತಿ" ಎಂದಳು ಅವಳು. "ನೀವು ಯಾವಾಗ ಬಂದಿದ್ರಿ ಕಡೀಕ?"

ಅವನು ನೆನಪು ಮಾಡಿಕೊಳ್ಳುತ್ತಾ ಎರಡು ಟಿಪ್ಪರು ಮುಂದೆ ಬಿಟ್ಟ. ಹಿಂದಿನವನು ಹಾರ್ನ್ ಹೊಡೆಯತೊಡಗಿದ.

"ಮೊದಲು ಗಾಜು ಏರಿಸ್ರಿ" ಎಂದಳು ಗಂಗಾಂಬಿಕೆ. "ಮಾವಾರಿಗೆ ಧೂಳು ಬಡ್ಯಾಕತ್ತೈತಿ."